ಕರ್ನಾಟಕ ಶಿಕ್ಷಕರ ಅರ್ಹತಾ ಪರೀಕ್ಷೆ: ಪ್ರಶ್ನೆಗಳ ಸ್ವರೂಪ ಮತ್ತು ಸಿದ್ಧತಾ ಕ್ರಮ
(ಬೆಂಗಳೂರು ದಕ್ಷಿಣ ಭಾಗದ ಅಭ್ಯರ್ಥಿಗಳ ಮಾಹಿತಿಗಾಗಿ)

1. ಪೀಠಿಕೆ

ಒಂದನೆಯ ತರಗತಿಯಿಂದ ಎಂಟನೆಯ ತರಗತಿಯವರೆಗೆ ಬೋಧಿಸಲು ಇಚ್ಛಿಸುವ ಪ್ರತಿಯೊಬ್ಬ ಅಭ್ಯರ್ಥಿಯೂ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರಬೇಕೆಂಬುದು ಕಡ್ಡಾಯ ನಿಯಮವಾಗಿದೆ. ರಾಜ್ಯದಲ್ಲಿ ಈ ಪರೀಕ್ಷೆಯನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ ನಡೆಸಲಾಗುತ್ತಿದ್ದು, ಜನಸಾಮಾನ್ಯರಲ್ಲಿ ಇದು "ಟಿಇಟಿ" ಎಂಬ ಹೆಸರಿನಿಂದ ಪರಿಚಿತವಾಗಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳಲ್ಲಿ ವಾಸವಾಗಿದ್ದು ಡಿ.ಎಡ್. ಅಥವಾ ಬಿ.ಎಡ್. ಮುಗಿಸಿರುವ ಅಥವಾ ಮುಗಿಸುತ್ತಿರುವ ಅಭ್ಯರ್ಥಿಗಳಿಗೆ ಪರೀಕ್ಷೆಯ ರಚನೆ, ಪ್ರಶ್ನೆಗಳ ಬಗೆ ಹಾಗೂ ಸಿದ್ಧತೆಯ ಕ್ರಮವನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ಅಭ್ಯರ್ಥಿಗಳು ಮೊದಲಿಗೆ ಒಂದು ಅಂಶವನ್ನು ಮನದಟ್ಟು ಮಾಡಿಕೊಳ್ಳುವುದು ಅಗತ್ಯ. ಈ ಪರೀಕ್ಷೆಯು ಅಭ್ಯರ್ಥಿಗೆ ವಿಷಯ ತಿಳಿದಿದೆಯೇ ಎಂಬುದನ್ನಷ್ಟೇ ಕೇಳುವುದಿಲ್ಲ; ಆ ವಿಷಯವನ್ನು ಕಲಿಯುವಾಗ ಮಗು ಎಲ್ಲಿ ಎಡವುತ್ತದೆ, ಎಡವಿದಾಗ ಶಿಕ್ಷಕರು ಏನು ಮಾಡಬೇಕು ಎಂಬುದನ್ನೂ ಕೇಳುತ್ತದೆ. ಪದವಿಯಲ್ಲಿ ಉತ್ತಮ ಅಂಕ ಗಳಿಸಿದವರೂ ಈ ಎರಡನೆಯ ಭಾಗವನ್ನು ಲಘುವಾಗಿ ಪರಿಗಣಿಸಿದಲ್ಲಿ ಅರ್ಹತಾ ಅಂಕಗಳಿಂದ ವಂಚಿತರಾಗುವ ಸಂಭವವಿರುತ್ತದೆ.

2. ಪರೀಕ್ಷೆಯ ಕಾನೂನು ಹಿನ್ನೆಲೆ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ದಿನಾಂಕ 1 ಏಪ್ರಿಲ್ 2010ರಿಂದ ಜಾರಿಗೆ ಬಂದಿತು. ಸದರಿ ಅಧಿನಿಯಮದ 23ನೆಯ ಪ್ರಕರಣದ ಮೇರೆಗೆ ಶಿಕ್ಷಕರ ಕನಿಷ್ಠ ವಿದ್ಯಾರ್ಹತೆಯನ್ನು ನಿಗದಿಪಡಿಸುವ ಅಧಿಕಾರವನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿಗೆ ವಹಿಸಲಾಯಿತು. ಪರಿಷತ್ತು 23 ಆಗಸ್ಟ್ 2010ರ ಅಧಿಸೂಚನೆಯಲ್ಲಿ ಅರ್ಹತಾ ಪರೀಕ್ಷೆಯನ್ನು ಕನಿಷ್ಠ ಅರ್ಹತೆಯ ಒಂದು ಭಾಗವನ್ನಾಗಿ ಸೇರಿಸಿ, 11 ಫೆಬ್ರವರಿ 2011ರಂದು ಪರೀಕ್ಷೆಯನ್ನು ನಡೆಸುವ ಮಾರ್ಗಸೂಚಿಗಳನ್ನು ಹೊರಡಿಸಿತು. ಕೇಂದ್ರ ಮಟ್ಟದ ಪರೀಕ್ಷೆಯಾದ ಸಿಟಿಇಟಿ 2011ರಲ್ಲಿಯೂ, ಕರ್ನಾಟಕದ ಪರೀಕ್ಷೆಯು 2014ರಲ್ಲಿಯೂ ಆರಂಭವಾದವು.

ಈ ನಿಯಮದ ಹಿಂದಿರುವ ಕಾರಣ ಸರಳವಾದುದು. ಶಿಕ್ಷಣ ಪಡೆಯುವುದು ಮಗುವಿನ ಹಕ್ಕು ಎಂದ ಮೇಲೆ, ಆ ಮಗುವಿನ ಮುಂದೆ ನಿಲ್ಲುವ ಶಿಕ್ಷಕರಿಗೆ ರಾಷ್ಟ್ರವ್ಯಾಪಿಯಾದ ಒಂದು ಕನಿಷ್ಠ ಮಟ್ಟವಿರಬೇಕೆಂಬುದೇ ಅದು. ಶಾಲೆಯು ಬನಶಂಕರಿಯಲ್ಲಿರಲಿ, ಬೀದರಿನಲ್ಲಿರಲಿ, ಮಟ್ಟವು ಒಂದೇ ಆಗಿರತಕ್ಕದ್ದು.

ಅರ್ಹತಾ ಪ್ರಮಾಣಪತ್ರವು ನೇಮಕಾತಿ ಆದೇಶವಲ್ಲ ಎಂಬುದನ್ನು ಅಭ್ಯರ್ಥಿಗಳು ಗಮನಿಸತಕ್ಕದ್ದು. ಅದು ನೇಮಕಾತಿ ಪ್ರಕ್ರಿಯೆಗೆ ಅರ್ಜಿ ಸಲ್ಲಿಸಲು ಬೇಕಾಗುವ ಅರ್ಹತೆಗಳಲ್ಲಿ ಒಂದು ಮಾತ್ರ. ಆದಾಗ್ಯೂ, ನೇಮಕಾತಿಯಲ್ಲಿ ಈ ಪರೀಕ್ಷೆಯ ಅಂಕಗಳಿಗೆ ಪ್ರಾಧಾನ್ಯ ನೀಡಬೇಕೆಂದು ಪರಿಷತ್ತಿನ ಮಾರ್ಗಸೂಚಿಯೇ ತಿಳಿಸಿರುವುದರಿಂದ, ಕೇವಲ ಉತ್ತೀರ್ಣರಾಗುವ ಗುರಿಯನ್ನಿಟ್ಟುಕೊಳ್ಳದೆ ಸಾಧ್ಯವಾದಷ್ಟು ಹೆಚ್ಚು ಅಂಕ ಗಳಿಸುವುದು ಹಿತಕರ.

3. ಯಾವ ಪತ್ರಿಕೆಯನ್ನು ಬರೆಯಬೇಕು?

ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳಿವೆ.

ಪತ್ರಿಕೆ-1: 1 ರಿಂದ 5ನೆಯ ತರಗತಿಗಳಿಗೆ ಬೋಧಿಸಲು ಇಚ್ಛಿಸುವವರಿಗೆ.
ಪತ್ರಿಕೆ-2: 6 ರಿಂದ 8ನೆಯ ತರಗತಿಗಳಿಗೆ ಬೋಧಿಸಲು ಇಚ್ಛಿಸುವವರಿಗೆ.

ಎರಡೂ ಹಂತಗಳಿಗೆ ನಿಗದಿಪಡಿಸಿದ ವಿದ್ಯಾರ್ಹತೆ ಹೊಂದಿರುವವರು ಎರಡೂ ಪತ್ರಿಕೆಗಳನ್ನು ಬರೆಯಬಹುದು. ಪತ್ರಿಕೆ-1 ಬೆಳಗಿನ ಅವಧಿಯಲ್ಲಿಯೂ, ಪತ್ರಿಕೆ-2 ಮಧ್ಯಾಹ್ನದ ಅವಧಿಯಲ್ಲಿಯೂ ನಡೆಯುವುದು ವಾಡಿಕೆ.

ಜಯನಗರದಲ್ಲಿಯೇ ಆರ್.ವಿ. ಶಿಕ್ಷಕರ ಕಾಲೇಜು, ವಿಜಯ ಶಿಕ್ಷಕರ ಕಾಲೇಜುಗಳಂತಹ ಹಳೆಯ ಬಿ.ಎಡ್. ಸಂಸ್ಥೆಗಳಿದ್ದು, ಈ ಭಾಗದಲ್ಲಿ ಬಿ.ಎಡ್. ಪದವೀಧರರು ಸಾಕಷ್ಟು ಸಂಖ್ಯೆಯಲ್ಲಿದ್ದಾರೆ. ಇಂತಹ ಅಭ್ಯರ್ಥಿಗಳು ಒಂದು ಮುಖ್ಯ ಬದಲಾವಣೆಯನ್ನು ತಿಳಿದಿರಬೇಕು. 28 ಜೂನ್ 2018ರ ಪರಿಷತ್ತಿನ ಅಧಿಸೂಚನೆಯು ಬಿ.ಎಡ್. ಪದವೀಧರರಿಗೆ 1 ರಿಂದ 5ನೆಯ ತರಗತಿಗಳಿಗೂ ಅವಕಾಶ ನೀಡಿತ್ತು. ಸರ್ವೋಚ್ಚ ನ್ಯಾಯಾಲಯವು 11 ಆಗಸ್ಟ್ 2023ರ ತೀರ್ಪಿನಲ್ಲಿ ಆ ಅಧಿಸೂಚನೆಯು ಊರ್ಜಿತವಲ್ಲವೆಂದು ತಿಳಿಸಿತು. ಚಿಕ್ಕ ಮಕ್ಕಳಿಗೆ ಬೋಧಿಸುವ ವಿಧಾನವೇ ಬೇರೆ, ಅದಕ್ಕೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾವೇ ಸೂಕ್ತ ತರಬೇತಿ ಎಂಬುದು ಆ ತೀರ್ಪಿನ ಸಾರ. ಆದಕಾರಣ ಕೇವಲ ಬಿ.ಎಡ್. ಹೊಂದಿರುವವರು ಪತ್ರಿಕೆ-2ರ ಕಡೆಗೆ ಗಮನ ಹರಿಸುವುದು ಸೂಕ್ತ. ಹಳೆಯ ಮಾರ್ಗದರ್ಶಿ ಪುಸ್ತಕಗಳಲ್ಲಿ 2018ರ ನಿಯಮವೇ ಮುದ್ರಿತವಾಗಿರಬಹುದಾದ್ದರಿಂದ ಎಚ್ಚರಿಕೆ ಅಗತ್ಯ.

ಪ್ರೌಢಶಾಲೆಯ 9 ಮತ್ತು 10ನೆಯ ತರಗತಿಗಳು ಶಿಕ್ಷಣ ಹಕ್ಕು ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಈ ಪರೀಕ್ಷೆಯು 8ನೆಯ ತರಗತಿಯವರೆಗಿನ ಬೋಧನೆಗೆ ಸಂಬಂಧಿಸಿದ್ದಾಗಿದೆ.

4. ಪ್ರಶ್ನೆಪತ್ರಿಕೆಯ ರಚನೆ

ಪ್ರತಿ ಪತ್ರಿಕೆಯಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳಿದ್ದು, ಪ್ರತಿ ಪ್ರಶ್ನೆಗೆ 1 ಅಂಕದಂತೆ ಒಟ್ಟು 150 ಅಂಕಗಳಿರುತ್ತವೆ. ಅವಧಿ ಎರಡೂವರೆ ಗಂಟೆ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರಗಳನ್ನು ನೀಡಲಾಗಿದ್ದು ಅವುಗಳಲ್ಲಿ ಒಂದು ಮಾತ್ರ ಸರಿಯಾಗಿರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಪತ್ರಿಕೆ-1ರ ವಿಂಗಡಣೆ:
ಶಿಶು ವಿಕಸನ ಮತ್ತು ಬೋಧನಾಶಾಸ್ತ್ರ – 30 ಅಂಕ
ಭಾಷೆ-1 – 30 ಅಂಕ
ಭಾಷೆ-2 – 30 ಅಂಕ
ಗಣಿತ – 30 ಅಂಕ
ಪರಿಸರ ಅಧ್ಯಯನ – 30 ಅಂಕ

ಪತ್ರಿಕೆ-2ರ ವಿಂಗಡಣೆ:
ಶಿಶು ವಿಕಸನ ಮತ್ತು ಬೋಧನಾಶಾಸ್ತ್ರ – 30 ಅಂಕ
ಭಾಷೆ-1 – 30 ಅಂಕ
ಭಾಷೆ-2 – 30 ಅಂಕ
ಗಣಿತ ಮತ್ತು ವಿಜ್ಞಾನ ಅಥವಾ ಸಮಾಜ ವಿಜ್ಞಾನ – 60 ಅಂಕ

ಭಾಷೆ-1 ಮತ್ತು ಭಾಷೆ-2 ಬೇರೆ ಬೇರೆ ಭಾಷೆಗಳಾಗಿರತಕ್ಕದ್ದು. ಭಾಷೆ-1ರಲ್ಲಿ ಬೋಧನಾ ಮಾಧ್ಯಮಕ್ಕೆ ಸಂಬಂಧಿಸಿದ ಪ್ರಾವೀಣ್ಯವನ್ನೂ, ಭಾಷೆ-2ರಲ್ಲಿ ಭಾಷೆಯ ಮೂಲಾಂಶಗಳು, ಸಂವಹನ ಮತ್ತು ಗ್ರಹಿಕೆಯನ್ನೂ ಪರೀಕ್ಷಿಸಲಾಗುತ್ತದೆ. ಶಿಶು ವಿಕಸನ ವಿಭಾಗದ ಪ್ರಶ್ನೆಗಳು ಪತ್ರಿಕೆ-1ರಲ್ಲಿ 6 ರಿಂದ 11 ವರ್ಷದ ಮಕ್ಕಳನ್ನೂ, ಪತ್ರಿಕೆ-2ರಲ್ಲಿ 11 ರಿಂದ 14 ವರ್ಷದ ಮಕ್ಕಳನ್ನೂ ಕುರಿತವಾಗಿರುತ್ತವೆ.

ಪ್ರಶ್ನೆಗಳ ವಿಷಯವು ಆಯಾ ತರಗತಿಗಳ ಪಠ್ಯವಸ್ತುವನ್ನು ಆಧರಿಸಿದ್ದರೂ, ಕಠಿಣತೆಯ ಮಟ್ಟವು ಪತ್ರಿಕೆ-1ರಲ್ಲಿ ಪ್ರೌಢಶಾಲಾ ಹಂತದವರೆಗೆ, ಪತ್ರಿಕೆ-2ರಲ್ಲಿ ಪದವಿಪೂರ್ವ ಹಂತದವರೆಗೆ ಇರಬಹುದು. ಮಕ್ಕಳ ಪುಸ್ತಕವೇ ಅಲ್ಲವೇ ಎಂಬ ಉದಾಸೀನ ಸಲ್ಲದು.

ಬೋಧನಾ ವಿಧಾನದ ಪ್ರಶ್ನೆಗಳಿಗೆ ಎಷ್ಟು ಮಹತ್ವವಿದೆ ಎಂಬುದನ್ನು ತಿಳಿಯಲು ಸಿಟಿಇಟಿ ಪಠ್ಯಕ್ರಮವನ್ನು ನೋಡಬಹುದು. ಅದರ ಪತ್ರಿಕೆ-1ರಲ್ಲಿ ಗಣಿತ ಹಾಗೂ ಪರಿಸರ ಅಧ್ಯಯನ ವಿಭಾಗಗಳ 30 ಪ್ರಶ್ನೆಗಳ ಪೈಕಿ 15 ವಿಷಯಕ್ಕೆ, 15 ಬೋಧನಾ ವಿಧಾನಕ್ಕೆ ಮೀಸಲು. ಭಾಷಾ ವಿಭಾಗಗಳಲ್ಲಿಯೂ 15 ಗ್ರಹಿಕೆಗೆ, 15 ಭಾಷಾ ಬೋಧನೆಗೆ ಮೀಸಲು. ರಾಜ್ಯದ ಪರೀಕ್ಷೆಗೆ ಸಿದ್ಧರಾಗುವವರೂ ತಮ್ಮ ಅಧ್ಯಯನದ ವೇಳೆಯನ್ನು ಹೀಗೆಯೇ ಹಂಚಿಕೊಳ್ಳುವುದು ಉಚಿತ.

5. ಪ್ರಶ್ನೆಗಳ ಬಗೆಗಳು

ಎಲ್ಲ ಪ್ರಶ್ನೆಗಳೂ ಬಹು ಆಯ್ಕೆಯವೇ ಆದರೂ ಅವುಗಳ ಒಳಗಿನ ಸ್ವರೂಪ ಬೇರೆ ಬೇರೆ. ಈ ಕೆಳಗಿನ ಉದಾಹರಣೆಗಳನ್ನು ವಿವರಣೆಗಾಗಿ ರಚಿಸಲಾಗಿದೆ. ಇವು ಹಿಂದಿನ ಯಾವುದೇ ಪ್ರಶ್ನೆಪತ್ರಿಕೆಯಿಂದ ಆಯ್ದವುಗಳಲ್ಲ.

(ಅ) ನೇರ ಜ್ಞಾನದ ಪ್ರಶ್ನೆ

"ಮಳೆಗಾಲ" ಎಂಬುದು ಯಾವ ಸಂಧಿ? (1) ಲೋಪ (2) ಆಗಮ (3) ಆದೇಶ (4) ಗುಣ.
ಉತ್ತರ: (3). ಮಳೆ + ಕಾಲ ಎಂಬಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ಇಂತಹ ಪ್ರಶ್ನೆಗಳಿಗೆ ಅರ್ಧ ನಿಮಿಷ ಸಾಕು. ಇಲ್ಲಿ ಉಳಿಸಿದ ವೇಳೆಯು ಮುಂದಿನ ಬಗೆಗಳಿಗೆ ಉಪಯೋಗಕ್ಕೆ ಬರುತ್ತದೆ.

(ಆ) ಗದ್ಯಭಾಗದ ಗ್ರಹಿಕೆ

"ಬೆಳಗಿನ ಜಾವ ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಮುಂದೆ ಬುಟ್ಟಿಗಳು ಇಳಿಯುತ್ತವೆ. ಮಲ್ಲಿಗೆಯ ಮೊಗ್ಗನ್ನು ಅರಳುವ ಮುನ್ನವೇ ಕಟ್ಟಬೇಕು; ಬಿಸಿಲೇರಿದರೆ ಹೂವು ಬಾಡಿ ಬೆಲೆ ಇಳಿಯುತ್ತದೆ. ಮಾತಿನ ನಡುವೆಯೂ ಹೂ ಕಟ್ಟುವವರ ಕೈಗಳು ನಿಲ್ಲುವುದಿಲ್ಲ."

ಹೂ ಕಟ್ಟುವವರ ಕೈಗಳು ನಿಲ್ಲದಿರಲು ಕಾರಣವೇನು? (1) ಹಬ್ಬದ ದಿನಗಳಲ್ಲಿ ಹೂವಿಗೆ ಬೇಡಿಕೆ ಹೆಚ್ಚು (2) ಅವರಿಗೆ ಮಾತನಾಡುವುದು ಇಷ್ಟವಿಲ್ಲ (3) ಹೂವು ಬಾಡುವ ಮುನ್ನ ಕೆಲಸ ಮುಗಿಯಬೇಕು (4) ಬುಟ್ಟಿಗಳು ತಡವಾಗಿ ಬರುತ್ತವೆ.
ಉತ್ತರ: (3). ಮೊದಲನೆಯ ಆಯ್ಕೆಯು ಲೋಕದಲ್ಲಿ ನಿಜವಿರಬಹುದು. ಆದರೆ ಗದ್ಯಭಾಗದಲ್ಲಿ ಅದರ ಪ್ರಸ್ತಾಪವಿಲ್ಲ. ಗ್ರಹಿಕೆಯ ಪ್ರಶ್ನೆಗಳಲ್ಲಿ ನಮ್ಮ ತಿಳಿವಳಿಕೆಯನ್ನು ಬದಿಗಿರಿಸಿ ಗದ್ಯಭಾಗವು ಹೇಳಿದ್ದಕ್ಕೆ ಮಾತ್ರ ಬದ್ಧರಾಗಿರಬೇಕು.

(ಇ) ಮಗುವಿನ ತಪ್ಪನ್ನು ವಿಶ್ಲೇಷಿಸುವ ಪ್ರಶ್ನೆ

ಮೂರನೆಯ ತರಗತಿಯ ಮಗುವೊಂದು 402 – 178 = 376 ಎಂದು ಬರೆದಿದೆ. ಮಗುವಿನ ತೊಡಕು ಯಾವುದು? (1) ಮಗುವಿಗೆ ಅಂಕಿಗಳ ಪರಿಚಯವಿಲ್ಲ (2) ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದೆ (3) ಮಗು ಅಜಾಗರೂಕತೆಯಿಂದ ಬರೆದಿದೆ (4) ಮಗುವಿಗೆ ಸಂಕಲನ ಬಾರದು.
ಉತ್ತರ: (2). ಮಗು 2 ಮತ್ತು 8ರ ವ್ಯತ್ಯಾಸ 6, 0 ಮತ್ತು 7ರ ವ್ಯತ್ಯಾಸ 7, 4 ಮತ್ತು 1ರ ವ್ಯತ್ಯಾಸ 3 ಎಂದು ಬರೆದಿದೆ. ಸರಿಯುತ್ತರ 224. ಮಗುವಿಗೆ ಅಂಕಿಗಳೂ ಗೊತ್ತು, ಚಿಕ್ಕ ವ್ಯವಕಲನವೂ ಗೊತ್ತು; ದಶಕ ತೆಗೆದುಕೊಳ್ಳುವ ಪರಿಕಲ್ಪನೆ ಮಾತ್ರ ಮೂಡಿಲ್ಲ. ತಪ್ಪಿಗೊಂದು ಕ್ರಮವಿದೆ ಎಂದು ಕಂಡುಕೊಂಡ ಶಿಕ್ಷಕರು ಕಡ್ಡಿಕಟ್ಟುಗಳನ್ನು ಬಿಚ್ಚಿ ತೋರಿಸಿ ಅದನ್ನು ಸರಿಪಡಿಸಬಲ್ಲರು. "ಅಜಾಗರೂಕತೆ" ಎಂದು ಕೆಂಪು ಗೆರೆ ಎಳೆದವರಿಂದ ಅದು ಸಾಧ್ಯವಾಗುವುದಿಲ್ಲ. ಈ ಪರೀಕ್ಷೆಯು ಗುರುತಿಸಬಯಸುವುದು ಮೊದಲನೆಯ ಬಗೆಯ ಶಿಕ್ಷಕರನ್ನು.

(ಈ) ತರಗತಿ ಸನ್ನಿವೇಶದ ಪ್ರಶ್ನೆ

ಬಿ.ಟಿ.ಎಂ. ಬಡಾವಣೆಯ ಕನ್ನಡ ಮಾಧ್ಯಮ ಶಾಲೆಯೊಂದರ ಒಂದನೆಯ ತರಗತಿಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನ ಮಕ್ಕಳಿದ್ದಾರೆ. ಚಿತ್ರದಲ್ಲಿನ ಬೆಕ್ಕನ್ನು ಕಂಡು ಮಗುವೊಂದು "ಪಿಲ್ಲಿ" ಎನ್ನುತ್ತದೆ. ಶಿಕ್ಷಕರ ಅತ್ಯಂತ ಸೂಕ್ತ ಪ್ರತಿಕ್ರಿಯೆ ಯಾವುದು? (1) ತರಗತಿಯಲ್ಲಿ ಕನ್ನಡವನ್ನೇ ಆಡಬೇಕೆಂದು ಎಚ್ಚರಿಸುವುದು (2) ಮಗುವಿನ ಮಾತನ್ನು ಕೇಳದಂತೆ ಮುಂದುವರಿಯುವುದು (3) ಮಗುವಿನ ಪದವನ್ನು ಒಪ್ಪಿ, ಕನ್ನಡದಲ್ಲಿ "ಬೆಕ್ಕು" ಎನ್ನುವರೆಂದು ತಿಳಿಸಿ, ಇತರ ಮಕ್ಕಳ ಮನೆಮಾತಿನ ಪದಗಳನ್ನೂ ಕೇಳುವುದು (4) ತೆಲುಗು ಶಾಲೆಗೆ ಸೇರಿಸಲು ಪೋಷಕರಿಗೆ ತಿಳಿಸುವುದು.
ಉತ್ತರ: (3). ಬಹುಭಾಷಿಕತೆಯು ಕಲಿಕೆಗೆ ಸಂಪನ್ಮೂಲವೇ ಹೊರತು ಅಡ್ಡಿಯಲ್ಲ ಎಂಬ ತತ್ತ್ವವು ಈ ಬಗೆಯ ಪ್ರಶ್ನೆಗಳ ಹಿಂದಿರುತ್ತದೆ.

(ಉ) ಸಿದ್ಧಾಂತದ ಅನ್ವಯ

ಒಂದೇ ಅಳತೆಯ ಎರಡು ಲೋಟಗಳಲ್ಲಿದ್ದ ನೀರಿನ ಪೈಕಿ ಒಂದನ್ನು ಎತ್ತರದ, ಕಿರಿದಾದ ಲೋಟಕ್ಕೆ ಸುರಿದಾಗ, ಐದು ವರ್ಷದ ಮಗು "ಇದರಲ್ಲಿ ಹೆಚ್ಚು ನೀರಿದೆ" ಎನ್ನುತ್ತದೆ. ಪಿಯಾಜೆಯ ಪ್ರಕಾರ ಮಗುವಿನಲ್ಲಿ ಇನ್ನೂ ಬೆಳೆಯದಿರುವುದು ಯಾವುದು? (1) ವಸ್ತು ಸ್ಥಿರತೆ (2) ಪ್ರಮಾಣದ ಸಂರಕ್ಷಣೆಯ ಪರಿಕಲ್ಪನೆ (3) ಅಮೂರ್ತ ತರ್ಕ (4) ಅನುಕರಣೆ.
ಉತ್ತರ: (2). ಪಿಯಾಜೆ, ವೈಗೋಟ್‌ಸ್ಕಿ, ಕೋಲ್‌ಬರ್ಗ್, ಗಾರ್ಡ್‌ನರ್ ಇವರ ಹೆಸರು ಮತ್ತು ಹಂತಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೆ ಈ ಪ್ರಶ್ನೆ ಕಠಿಣವೆನಿಸಬಹುದು. ಪ್ರತಿ ಹಂತಕ್ಕೂ ಮನೆಯ ಅಥವಾ ನೆರೆಮನೆಯ ಮಗುವಿನ ಒಂದೊಂದು ನಡವಳಿಕೆಯನ್ನು ಜೋಡಿಸಿಕೊಂಡವರಿಗೆ ಸುಲಭವಾಗುತ್ತದೆ.

(ಊ) ಹೇಳಿಕೆ ಮತ್ತು ಕಾರಣ

ಹೇಳಿಕೆ: ರೂಪಣಾತ್ಮಕ ಮೌಲ್ಯಮಾಪನವನ್ನು ಬೋಧನೆಯ ಜೊತೆಜೊತೆಗೇ ಕೈಗೊಳ್ಳಲಾಗುತ್ತದೆ.
ಕಾರಣ: ಮಕ್ಕಳನ್ನು ಶ್ರೇಣಿಗಳಾಗಿ ವಿಂಗಡಿಸುವುದೇ ಅದರ ಮುಖ್ಯ ಉದ್ದೇಶ.
ಇಲ್ಲಿ ಹೇಳಿಕೆ ಸರಿ, ಕಾರಣ ತಪ್ಪು. ಕಲಿಕೆಯ ಕೊರತೆಯನ್ನು ಆಗಿಂದಾಗ್ಗೆ ತಿಳಿದು ಬೋಧನೆಯನ್ನು ತಿದ್ದಿಕೊಳ್ಳುವುದೇ ಅದರ ಉದ್ದೇಶ. ಇಂತಹ ಪ್ರಶ್ನೆಗಳಲ್ಲಿ ಎರಡು ವಾಕ್ಯಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಎರಡೂ ಸರಿಯಾಗಿದ್ದಲ್ಲಿ ಮಾತ್ರ ಅವುಗಳ ನಡುವಿನ ಸಂಬಂಧವನ್ನು ವಿಚಾರಿಸತಕ್ಕದ್ದು.

(ಋ) ನಿಷೇಧಾರ್ಥಕ ಪ್ರಶ್ನೆ

ನಾಲ್ಕನೆಯ ತರಗತಿಯ ಮಕ್ಕಳನ್ನು ಜೆ.ಪಿ. ನಗರದ ಸಾರಕ್ಕಿ ಕೆರೆಗೆ ಕರೆದೊಯ್ಯುವುದರ ಉದ್ದೇಶ ಇವುಗಳಲ್ಲಿ ಯಾವುದು ಅಲ್ಲ? (1) ನೇರ ವೀಕ್ಷಣೆ (2) ಕಂಡುದನ್ನು ವರ್ಗೀಕರಿಸುವುದು (3) ಪ್ರಶ್ನೆ ಕೇಳಲು ಅವಕಾಶ ನೀಡುವುದು (4) ಶಿಕ್ಷಕರು ಬರೆಸಿದ ವ್ಯಾಖ್ಯೆಗಳನ್ನು ಕಂಠಪಾಠ ಮಾಡಿಸುವುದು.
ಉತ್ತರ: (4). ಅವಸರದಲ್ಲಿ "ಅಲ್ಲ" ಎಂಬ ಪದವು ಕಣ್ಣಿಗೆ ಬೀಳದೆ ಮೊದಲ ಸರಿ ವಾಕ್ಯವನ್ನೇ ಗುರುತಿಸಿಬಿಡುವ ಸಂಭವವಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಆ ಪದದ ಕೆಳಗೆ ಗೆರೆ ಎಳೆದುಕೊಳ್ಳುವುದು ಒಳ್ಳೆಯದು.

(ಎ) ಪತ್ರಿಕೆ-2ರ ವಿಷಯ ಬೋಧನೆಯ ಪ್ರಶ್ನೆ

ಸಮಾಜ ವಿಜ್ಞಾನ: ಜಯನಗರದ ಅಶೋಕ ಸ್ತಂಭವನ್ನು ನೋಡಿದ ವಿದ್ಯಾರ್ಥಿನಿಯೊಬ್ಬಳು, "ಇದನ್ನು ಅಶೋಕ ಚಕ್ರವರ್ತಿಯೇ ಕಟ್ಟಿಸಿದನೇ?" ಎಂದು ಕೇಳುತ್ತಾಳೆ. "ಇಲ್ಲ, ಇದು ಇಪ್ಪತ್ತನೆಯ ಶತಮಾನದ್ದು" ಎಂದು ಹೇಳಿ ಮುಗಿಸುವುದು ಸರಿಯುತ್ತರವಾದರೂ ಉತ್ತಮ ಬೋಧನೆಯಲ್ಲ. ಒಂದು ವಸ್ತುವಿನ ಕಾಲವನ್ನು ಹೇಗೆ ತಿಳಿಯುವುದು ಎಂಬ ಚರ್ಚೆಗೆ ಅವಳ ಪ್ರಶ್ನೆಯನ್ನೇ ಬಳಸಿಕೊಂಡು, 1915ರಲ್ಲಿ ಬೆಳಕಿಗೆ ಬಂದ ರಾಯಚೂರು ಜಿಲ್ಲೆಯ ಮಸ್ಕಿ ಶಾಸನದೊಡನೆ ಹೋಲಿಸುವ ಆಯ್ಕೆಯು ಹೆಚ್ಚು ಸೂಕ್ತ. ಮೂಲ ಆಧಾರಕ್ಕೂ ನಂತರದ ಸ್ಮಾರಕಕ್ಕೂ ಇರುವ ವ್ಯತ್ಯಾಸವು ಹೀಗೆ ಮಕ್ಕಳಿಗೆ ತಿಳಿಯುತ್ತದೆ.

ವಿಜ್ಞಾನ: ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿಗಳನ್ನು ಕಂಡ ಮಕ್ಕಳು ನೀರು ಒಳಗಿನಿಂದ ಜಿನುಗಿತೆಂದು ಹೇಳಿದಾಗ, ವ್ಯಾಖ್ಯೆ ಬರೆಸುವುದಕ್ಕಿಂತ ಬಣ್ಣದ ತಣ್ಣೀರಿನಿಂದ ಪ್ರಯೋಗವನ್ನು ಪುನಃ ಮಾಡಿಸುವುದು ಉತ್ತಮ. ಹೊರಗಿನ ಹನಿಗಳಿಗೆ ಬಣ್ಣವಿಲ್ಲದಿರುವುದನ್ನು ಕಂಡ ಮಗು ತನ್ನ ಊಹೆಯನ್ನು ತಾನೇ ತಿದ್ದಿಕೊಳ್ಳುತ್ತದೆ.

ಎರಡು ಆಯ್ಕೆಗಳು ಸರಿಯೆಂದು ತೋರಿದಾಗ ಈ ಸೂತ್ರವನ್ನು ಅನುಸರಿಸಬಹುದು: ಮಗುವನ್ನು ಯೋಚಿಸಲು, ಮಾಡಲು, ಮಾತನಾಡಲು ಬಿಡುವ ಆಯ್ಕೆಯು ಸಾಮಾನ್ಯವಾಗಿ ಸರಿ; ಹೆದರಿಸುವ, ಹೋಲಿಸಿ ಹೀಯಾಳಿಸುವ, ಹಣೆಪಟ್ಟಿ ಹಚ್ಚುವ, ಬೇರೆಯವರಿಗೆ ವರ್ಗಾಯಿಸಿ ಕೈತೊಳೆದುಕೊಳ್ಳುವ ಆಯ್ಕೆಯು ಸಾಮಾನ್ಯವಾಗಿ ತಪ್ಪು. ದೈಹಿಕ ಶಿಕ್ಷೆ ಹಾಗೂ ಮಾನಸಿಕ ಹಿಂಸೆಯನ್ನು ಶಿಕ್ಷಣ ಹಕ್ಕು ಅಧಿನಿಯಮದ 17ನೆಯ ಪ್ರಕರಣವೇ ನಿಷೇಧಿಸಿದೆ.

6. ಸಿದ್ಧತೆಯ ಕ್ರಮ

(ಅ) ಪಠ್ಯಪುಸ್ತಕಗಳು: ಸಿದ್ಧತೆಗೆ ಮೊದಲ ಆಧಾರ 1 ರಿಂದ 8ನೆಯ ತರಗತಿಯ ರಾಜ್ಯ ಪಠ್ಯಪುಸ್ತಕಗಳು. ಇವುಗಳನ್ನು ಹೊರತರುವ ಕರ್ನಾಟಕ ಪಠ್ಯಪುಸ್ತಕ ಸಂಘವೂ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬನಶಂಕರಿ 3ನೆಯ ಹಂತದ 100 ಅಡಿ ವರ್ತುಲ ರಸ್ತೆಯಲ್ಲಿಯೇ ಇವೆ. ಪಠ್ಯಪುಸ್ತಕಗಳು ಸಂಘದ ಜಾಲತಾಣದಲ್ಲಿ ಉಚಿತವಾಗಿ ದೊರೆಯುವುದರಿಂದ ಅವುಗಳಿಗಾಗಿ ಹಣ ವ್ಯಯಿಸುವ ಅಗತ್ಯವಿರುವುದಿಲ್ಲ.

(ಆ) ಓದುವ ವಿಧಾನ: ಪ್ರತಿ ಪಾಠವನ್ನು ಎರಡು ಬಾರಿ ಓದತಕ್ಕದ್ದು. ಮೊದಲ ಬಾರಿ ವಿಷಯಕ್ಕಾಗಿ. ಎರಡನೆಯ ಬಾರಿ ಮಗುವಿನ ಕಣ್ಣಿನಿಂದ. ಎರಡನೆಯ ಓದಿನಲ್ಲಿ ಮೂರು ಪ್ರಶ್ನೆಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು: ಇಲ್ಲಿ ಮಗು ಮಾಡಬಹುದಾದ ತಪ್ಪು ಯಾವುದು? ಆ ತಪ್ಪಿನ ಹಿಂದಿನ ಯೋಚನೆ ಏನು? ಅದನ್ನು ಯಾವ ಚಟುವಟಿಕೆಯಿಂದ ತಿದ್ದಬಹುದು? ಈ ಟಿಪ್ಪಣಿಯೇ ಬೋಧನಾ ವಿಧಾನದ ವಿಭಾಗಕ್ಕೆ ಅತ್ಯುತ್ತಮ ಕೈಪಿಡಿಯಾಗುತ್ತದೆ.

(ಇ) ಹಿಂದಿನ ಪ್ರಶ್ನೆಪತ್ರಿಕೆಗಳು: 22 ಆಗಸ್ಟ್ 2021, 6 ನವೆಂಬರ್ 2022, 3 ಸೆಪ್ಟೆಂಬರ್ 2023, 30 ಜೂನ್ 2024 ಮತ್ತು 7 ಡಿಸೆಂಬರ್ 2025ರಂದು ನಡೆದ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳನ್ನು ನಿಗದಿತ ಎರಡೂವರೆ ಗಂಟೆಯಲ್ಲಿ ಬಿಡಿಸಿ ಅಭ್ಯಾಸ ಮಾಡುವುದು. ತಪ್ಪಾದ ಪ್ರತಿ ಉತ್ತರದ ಮುಂದೆ ಕಾರಣವನ್ನು ಬರೆಯುವುದು: ವಿಷಯ ತಿಳಿದಿರಲಿಲ್ಲವೇ, ಪ್ರಶ್ನೆಯನ್ನು ಸರಿಯಾಗಿ ಓದಲಿಲ್ಲವೇ ಅಥವಾ ವೇಳೆ ಸಾಲಲಿಲ್ಲವೇ ಎಂದು. ಈ ಮೂರಕ್ಕೂ ಪರಿಹಾರಗಳು ಬೇರೆ ಬೇರೆ.

(ಈ) ವೇಳೆಯ ಹಂಚಿಕೆ: 150 ಪ್ರಶ್ನೆಗಳಿಗೆ 150 ನಿಮಿಷಗಳಿವೆ. 130 ನಿಮಿಷಗಳಲ್ಲಿ ಒಂದು ಸುತ್ತು ಮುಗಿಸಿ, ಉಳಿದ 20 ನಿಮಿಷಗಳನ್ನು ಬಿಟ್ಟ ಪ್ರಶ್ನೆಗಳಿಗೂ ಉತ್ತರಪತ್ರಿಕೆಯ ಪರಿಶೀಲನೆಗೂ ಮೀಸಲಿಡುವ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕು. ಋಣಾತ್ಮಕ ಅಂಕವಿಲ್ಲದಿರುವುದರಿಂದ ಯಾವುದೇ ಪ್ರಶ್ನೆಯನ್ನು ಉತ್ತರಿಸದೆ ಬಿಡಬಾರದು.

(ಉ) ತರಬೇತಿ ಕೇಂದ್ರಗಳು: ಖಾಸಗಿ ತರಬೇತಿ ಕಡ್ಡಾಯವಲ್ಲ. ಉದ್ಯೋಗದಲ್ಲಿರುವವರು ಮತ್ತು ಗೃಹಿಣಿಯರು ದಿನಕ್ಕೆ ಎರಡು ಗಂಟೆಯಂತೆ ನಾಲ್ಕು ತಿಂಗಳು ಕ್ರಮವಾಗಿ ಓದಿದಲ್ಲಿ ಸುಮಾರು 240 ಗಂಟೆಗಳ ಅಧ್ಯಯನವಾಗುತ್ತದೆ. ಇಬ್ಬರು ಮೂವರು ಸೇರಿ ಸಮೀಪದ ಸಾರ್ವಜನಿಕ ಗ್ರಂಥಾಲಯದಲ್ಲಿ ಚರ್ಚಿಸಿ ಓದುವುದು ಬೋಧನಾಶಾಸ್ತ್ರದ ವಿಭಾಗಕ್ಕೆ ವಿಶೇಷವಾಗಿ ಸಹಾಯಕ.

7. ಅರ್ಜಿ ಸಲ್ಲಿಕೆ ಮತ್ತು ಪರೀಕ್ಷಾ ದಿನ

ಅಧಿಸೂಚನೆ ಹೊರಬಿದ್ದ ನಂತರ ಇಲಾಖೆಯ ಜಾಲತಾಣದ ಮೂಲಕವೇ ಅರ್ಜಿ ಸಲ್ಲಿಸತಕ್ಕದ್ದು. ಹೆಸರು ಮತ್ತು ಜನ್ಮದಿನಾಂಕವು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಇರಬೇಕು. ಪತ್ರಿಕೆ, ಭಾಷೆ, ಐಚ್ಛಿಕ ವಿಷಯ ಮತ್ತು ಮೀಸಲಾತಿ ಪ್ರವರ್ಗವನ್ನು ಅಂತಿಮವಾಗಿ ಸಲ್ಲಿಸುವ ಮುನ್ನ ಪುನಃ ಪರಿಶೀಲಿಸುವುದು. ಲಿಪಿಕಾರರ ನೆರವು ಮತ್ತು ಹೆಚ್ಚುವರಿ ಅವಧಿಯ ಅಗತ್ಯವಿರುವ ವಿಕಲಚೇತನ ಅಭ್ಯರ್ಥಿಗಳು ಅದನ್ನು ಅರ್ಜಿಯಲ್ಲಿಯೇ ನಮೂದಿಸುವುದು. ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಸಲ್ಲಿಸುವಂತೆ ಕೋರಲಾಗಿದೆ.

ಮೇಲೆ ತಿಳಿಸಿದ ಐದೂ ಪರೀಕ್ಷೆಗಳು ಭಾನುವಾರದಂದೇ ನಡೆದಿವೆ. ಜಯನಗರ, ಬನಶಂಕರಿ ಮತ್ತು ಜೆ.ಪಿ. ನಗರದ ಅಭ್ಯರ್ಥಿಗಳು ಮೆಟ್ರೊ ಹಸಿರು ಮಾರ್ಗವನ್ನೂ, ಬಿ.ಟಿ.ಎಂ. ಬಡಾವಣೆಯವರು 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗವನ್ನೂ ಬಳಸಬಹುದಾಗಿದ್ದು, ಎರಡೂ ಮಾರ್ಗಗಳು ಆರ್.ವಿ. ರಸ್ತೆ ನಿಲ್ದಾಣದಲ್ಲಿ ಕೂಡುತ್ತವೆ. ಭಾನುವಾರ ಮೆಟ್ರೊ ಸಂಚಾರವು ಇತರ ದಿನಗಳಿಗಿಂತ ತಡವಾಗಿ ಆರಂಭವಾಗುವುದನ್ನು ಗಮನದಲ್ಲಿರಿಸಿಕೊಳ್ಳಬೇಕು. ಪರೀಕ್ಷಾ ಕೇಂದ್ರವನ್ನು ಹಿಂದಿನ ದಿನವೇ ನೋಡಿಬರುವುದು ಉತ್ತಮ.

ಪ್ರವೇಶ ಪತ್ರ, ಭಾವಚಿತ್ರವುಳ್ಳ ಗುರುತಿನ ಚೀಟಿ ಮತ್ತು ಬಾಲ್‌ಪಾಯಿಂಟ್ ಪೆನ್ನು ಜೊತೆಯಲ್ಲಿರಲಿ. ಮೊಬೈಲ್ ದೂರವಾಣಿಗೆ ಅವಕಾಶವಿರುವುದಿಲ್ಲ. ಓಎಂಆರ್ ಉತ್ತರಪತ್ರಿಕೆಯಲ್ಲಿ ನೋಂದಣಿ ಸಂಖ್ಯೆ ಮತ್ತು ಪ್ರಶ್ನೆಪತ್ರಿಕೆಯ ಶ್ರೇಣಿಯನ್ನು ಸರಿಯಾಗಿ ತುಂಬುವುದು. ಒಂದು ಪ್ರಶ್ನೆಯನ್ನು ಬಿಟ್ಟು ಮುಂದೆ ಸಾಗುವಾಗ ಉತ್ತರಪತ್ರಿಕೆಯಲ್ಲಿಯೂ ಆ ಸಾಲನ್ನು ಬಿಡಲು ಮರೆತಲ್ಲಿ, ನಂತರದ ಎಲ್ಲ ಉತ್ತರಗಳೂ ಒಂದೊಂದು ಸಾಲು ಜಾರುತ್ತವೆ. ಪ್ರತಿ ಹತ್ತು ಪ್ರಶ್ನೆಗಳಿಗೊಮ್ಮೆ ಸಂಖ್ಯೆಯನ್ನು ತಾಳೆ ನೋಡುವುದರಿಂದ ಈ ಅಪಾಯ ತಪ್ಪುತ್ತದೆ.

8. ಅರ್ಹತಾ ಅಂಕ ಮತ್ತು ಪ್ರಮಾಣಪತ್ರ

ಸಾಮಾನ್ಯ ಹಾಗೂ 2ಎ, 2ಬಿ, 3ಎ, 3ಬಿ ಪ್ರವರ್ಗದವರು ಶೇಕಡ 60, ಅಂದರೆ 150ಕ್ಕೆ 90 ಅಂಕ ಗಳಿಸತಕ್ಕದ್ದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ವಿಕಲಚೇತನ ಅಭ್ಯರ್ಥಿಗಳಿಗೆ ಇದು ಶೇಕಡ 55 ಆಗಿರುತ್ತದೆ. ಪರೀಕ್ಷೆಯ ನಂತರ ಕೀ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಲಾಗುತ್ತದೆ. ಆಕ್ಷೇಪಣೆಯನ್ನು ಪಠ್ಯಪುಸ್ತಕದ ಪುಟದಂತಹ ಸ್ಪಷ್ಟ ಆಧಾರದೊಂದಿಗೆ, ನಿಗದಿತ ದಿನಾಂಕದೊಳಗೆ ಸಲ್ಲಿಸುವುದು.

ಮೊದಲು ಪ್ರಮಾಣಪತ್ರದ ಸಿಂಧುತ್ವವು ಏಳು ವರ್ಷಗಳಿಗೆ ಸೀಮಿತವಾಗಿತ್ತು. 2021ರಲ್ಲಿ ಕೈಗೊಂಡ ತೀರ್ಮಾನದಂತೆ ಅದು 2011ರಿಂದ ಪೂರ್ವಾನ್ವಯವಾಗುವಂತೆ ಜೀವಿತಾವಧಿಗೆ ವಿಸ್ತರಿಸಲ್ಪಟ್ಟಿದೆ.

9. ಸೇವಾನಿರತ ಶಿಕ್ಷಕರ ಗಮನಕ್ಕೆ

ಸರ್ವೋಚ್ಚ ನ್ಯಾಯಾಲಯವು 1 ಸೆಪ್ಟೆಂಬರ್ 2025ರಂದು ನೀಡಿದ ತೀರ್ಪಿನಲ್ಲಿ, ಶಿಕ್ಷಣ ಹಕ್ಕು ಅಧಿನಿಯಮಕ್ಕೆ ಮುನ್ನ ನೇಮಕಗೊಂಡು, ನಿವೃತ್ತಿಗೆ ಐದು ವರ್ಷಗಳಿಗಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕೆಂದು ತಿಳಿಸಿತು. ಐದು ವರ್ಷಗಳಿಗಿಂತ ಕಡಿಮೆ ಸೇವೆ ಉಳಿದಿರುವವರು ನಿವೃತ್ತಿಯವರೆಗೆ ಮುಂದುವರಿಯಬಹುದಾದರೂ, ಉತ್ತೀರ್ಣರಾಗದೆ ಬಡ್ತಿಗೆ ಅರ್ಹರಾಗುವುದಿಲ್ಲವೆಂದೂ, ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಸಂಬಂಧಿಸಿದ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಬೇಕೆಂದೂ ತಿಳಿಸಿತು. ಸಂಬಂಧಪಟ್ಟ ಶಿಕ್ಷಕರು ಈ ಕುರಿತ ಇತ್ತೀಚಿನ ಸುತ್ತೋಲೆಗಳನ್ನು ತಮ್ಮ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು.

ಇಪ್ಪತ್ತು ವರ್ಷ ಬೋಧಿಸಿದ ಶಿಕ್ಷಕರು ಮತ್ತೆ ಪರೀಕ್ಷಾ ಕೊಠಡಿಯಲ್ಲಿ ಕುಳಿತುಕೊಳ್ಳುವುದು ಸುಲಭದ ಮಾತಲ್ಲ. ಆದರೆ 402ರಲ್ಲಿ 178 ಕಳೆಯುವಾಗ ಮಕ್ಕಳು ಎಲ್ಲಿ ತಪ್ಪುವರೆಂಬುದನ್ನು ಅವರು ನೂರಾರು ಬಾರಿ ಕಂಡಿದ್ದಾರೆ. ಬೋಧನಾ ವಿಧಾನದ ವಿಭಾಗದಲ್ಲಿ ಈ ಅನುಭವವೇ ಅವರ ಬಂಡವಾಳ. ಸಿದ್ಧಾಂತಗಳ ಹೆಸರುಗಳನ್ನೂ ಪರಿಷ್ಕೃತ ಪಠ್ಯಪುಸ್ತಕಗಳನ್ನೂ ಓದಿಕೊಂಡಲ್ಲಿ ಉಳಿದುದು ಸುಗಮವಾಗುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಷ್ಟು ಬಾರಿ ಪರೀಕ್ಷೆ ಬರೆಯಬಹುದು?
ಉತ್ತರ: ಮಿತಿಯಿಲ್ಲ. ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಪುನಃ ಬರೆಯಬಹುದು.

ಪ್ರಶ್ನೆ: ಎರಡೂ ಪತ್ರಿಕೆಗಳ ಅಂಕಗಳನ್ನು ಕೂಡಿಸಲಾಗುತ್ತದೆಯೇ?
ಉತ್ತರ: ಇಲ್ಲ. ಪ್ರತಿ ಪತ್ರಿಕೆಯಲ್ಲಿ ಪ್ರತ್ಯೇಕವಾಗಿ ಅರ್ಹತಾ ಅಂಕ ಗಳಿಸಬೇಕು.

ಪ್ರಶ್ನೆ: ಕೇಂದ್ರೀಯ ವಿದ್ಯಾಲಯಗಳಿಗೆ ಯಾವ ಪರೀಕ್ಷೆ?
ಉತ್ತರ: ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ನಡೆಸುವ ಸಿಟಿಇಟಿ. ಅದರ ಭಾಷಾ ವಿಭಾಗದಲ್ಲಿ ಕನ್ನಡವನ್ನು ಆಯ್ದುಕೊಳ್ಳುವ ಅವಕಾಶವಿದೆ.

ಪ್ರಶ್ನೆ: ಹಣ ನೀಡಿದಲ್ಲಿ ಪ್ರಶ್ನೆಪತ್ರಿಕೆ ಅಥವಾ ಪ್ರಮಾಣಪತ್ರ ಕೊಡಿಸುವುದಾಗಿ ಯಾರಾದರೂ ತಿಳಿಸಿದರೆ?
ಉತ್ತರ: ಅಂತಹ ವ್ಯಕ್ತಿಗಳನ್ನು ನಂಬದೆ ಪೊಲೀಸ್ ಠಾಣೆಗೆ ಮಾಹಿತಿ ನೀಡುವುದು.

11. ಸೂಚನೆ

ಪ್ರತಿ ವರ್ಷದ ದಿನಾಂಕ, ಶುಲ್ಕ ಮತ್ತು ವಿದ್ಯಾರ್ಹತೆಗೆ ಸಂಬಂಧಿಸಿದಂತೆ ಆಯಾ ವರ್ಷದ ಅಧಿಸೂಚನೆಯೇ ಅಂತಿಮವಾಗಿರುತ್ತದೆ. ಅಭ್ಯರ್ಥಿಗಳು ಪರೀಕ್ಷೆಗಾಗಿ ಮಾಡಿಕೊಂಡ ಮಕ್ಕಳ ತಪ್ಪುಗಳ ಟಿಪ್ಪಣಿ ಪುಸ್ತಕವನ್ನು ಫಲಿತಾಂಶ ಬಂದ ನಂತರವೂ ಜೋಪಾನವಾಗಿ ಇಟ್ಟುಕೊಳ್ಳುವುದು. ತರಗತಿಗೆ ಕಾಲಿಟ್ಟ ಮೊದಲ ದಿನದಿಂದಲೇ ಅದು ಉಪಯೋಗಕ್ಕೆ ಬರುತ್ತದೆ.